ಪಟ್ಟಿಯಿಂದ ಮರೆಯಾದ ಕ್ಷಯರೋಗಿಗಳು

ನಮ್ಮ ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಸರಕಾರದ ದಾಖಲೆಗೆ ಬಂದಿದ್ದರು. 2020ರಲ್ಲಿ ದಾಖಲೆಯಾದವರು ಸುಮಾರು 18 ಲಕ್ಷ ಮಂದಿ. ಒಂದೇ ವರ್ಷದಲ್ಲಿ ಆರು ಲಕ್ಷದಷ್ಟು ಇಳಿತ! ಲೆಕ್ಕವನ್ನಷ್ಟೇ ನೋಡುವವರಿಗೆ ಇದು ಸಂತೋಷದ ಸುದ್ದಿಯೆಂದು ತೋರಬಹುದು. ಆದರೆ ಕ್ಷಯವು ಅಷ್ಟು ಬೇಗ ಹಿಮ್ಮೆಟ್ಟುವ ರೋಗವಲ್ಲವೆಂಬುದನ್ನು ನಾವು ಬಲ್ಲೆವು. ಹಾಗಾದರೆ ರೋಗಿಗಳು ಎಲ್ಲಿ ಹೋದರು?

ಆ ವರ್ಷದ ಮಾರ್ಚ್ 25ರಿಂದ, ಕೋವಿಡ್ ಪಿಡುಗಿನ ದೆಸೆಯಿಂದ, ದೇಶವೆಲ್ಲ ಲಾಕ್‌ಡೌನ್‌ಗೆ ಒಳಗಾಯಿತು. ಬಸ್ಸುಗಳು ನಿಂತವು. ಕೆಮ್ಮುವವನು ತನ್ನನ್ನು ಕೋವಿಡ್ ರೋಗಿಯೆಂದು ಎಲ್ಲಿ ಬೇರ್ಪಡಿಸಿಬಿಡುವರೋ ಎಂದು ಅಂಜಿ ಮನೆಯಲ್ಲಿಯೇ ಉಳಿದನು. ಆಸ್ಪತ್ರೆಗಳಲ್ಲಿ ಕ್ಷಯದ ಕೆಲಸಕ್ಕಿದ್ದ ಸಿಬ್ಬಂದಿಯಲ್ಲಿ ಅನೇಕರು ಹೊಸ ರೋಗದ ಕೆಲಸಕ್ಕೆ ನಿಯೋಜಿತರಾದರು. ಯಂತ್ರಗಳ ಪಾಡೂ ಅದೇ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವನ್ನೇ ನೋಡೋಣ. ಕಫದಲ್ಲಿರುವ ಕ್ಷಯಾಣುವಿನ ಡಿ.ಎನ್.ಎ. ತುಣುಕನ್ನು ಲಕ್ಷೋಪಲಕ್ಷವಾಗಿ ಹೆಚ್ಚಿಸಿ, ಒಂದೆರಡು ಗಂಟೆಗಳಲ್ಲಿ ಅದು ರೋಗವನ್ನು ಗುರುತಿಸುತ್ತದೆ. ಬೇರೊಂದು ಚಿಪ್ ಹಾಕಿದರೆ ಕೋವಿಡ್ ವಿಷಾಣುವನ್ನೂ ಗುರುತಿಸಬಲ್ಲುದು. ಈ ಸದ್ಗುಣವೇ ಕ್ಷಯರೋಗಿಗೆ ಮುಳುವಾಯಿತೆನ್ನಬೇಕು. ಕಫದ ಮಾದರಿ ಸರದಿಯಲ್ಲಿ ಹಿಂದೆ ಬಿದ್ದಿತು.

ಸ್ವಲ್ಪ ತಡವಾದರೇನು ಎಂದು ಕೇಳಬಹುದು. ಕ್ಷಯಾಣುವಿನದು ಆಮೆಯ ನಡಿಗೆ. ಒಂದು ಎರಡಾಗಲು ಇಪ್ಪತ್ತು ಗಂಟೆಗಳಷ್ಟು ಬೇಕು. ಕೆಲವು ಅಣುಗಳು ನಿದ್ರಿಸಿದಂತೆ ಅಡಗಿಯೂ ಇರುತ್ತವೆ. ಎಚ್ಚರದಲ್ಲಿರುವುದನ್ನು ಕೊಲ್ಲುವುದು ಸುಲಭ, ನಿದ್ರಿಸುವುದನ್ನು ಕೊಲ್ಲುವುದು ಕಷ್ಟ. ಆದುದರಿಂದಲೇ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ಅಣುಗಳು ತಲೆಯೆತ್ತಬಹುದು. ಲಾಕ್‌ಡೌನಿನಲ್ಲಿ ಒಂದು ತಿಂಗಳ ಮಾತ್ರೆಗಳನ್ನು ಒಟ್ಟಿಗೇ ಕೊಡುವ ಏರ್ಪಾಡಾದುದು ಈ ಕಾರಣದಿಂದ. ಇದು ವಿವೇಕದ ಕ್ರಮವೇ ಸರಿ. ಆದರೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅದರ ಪ್ರಯೋಜನ.

ಗುರುತಿಗೇ ಬಾರದ ರೋಗಿಯು ಮನೆಮಂದಿಯೊಡನೆ ಒಂದೇ ಕೋಣೆಯಲ್ಲಿ ವಾರಗಟ್ಟಲೆ ಕೆಮ್ಮುತ್ತ ಕಳೆದನು. ಮುಖಗವಸು ಬೀದಿಯಲ್ಲಿ ಸೋಂಕನ್ನು ತಡೆದಿರಬಹುದು; ಮನೆಯೊಳಗೆ ಅದನ್ನು ಧರಿಸುವವರಾರು?

ಕೋವಿಡ್ ರೋಗಿಗಳನ್ನು ಕ್ಷಯಕ್ಕೂ, ಕ್ಷಯರೋಗಿಗಳನ್ನು ಕೋವಿಡ್‌ಗೂ ಪರೀಕ್ಷಿಸುವ ಪದ್ಧತಿ 2020ರಲ್ಲಿಯೇ ಆರಂಭವಾಯಿತು. 2022ರ ಹೊತ್ತಿಗೆ ದಾಖಲೆಯ ಸಂಖ್ಯೆ ಮತ್ತೆ 24 ಲಕ್ಷವನ್ನು ಮುಟ್ಟಿತು. ಸೋಂಕು ತಗುಲಿದ ಮೊದಲ ಎರಡು ವರ್ಷಗಳಲ್ಲಿಯೇ ರೋಗ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಈ 24 ಲಕ್ಷದಲ್ಲಿ 2020ರಲ್ಲಿ ಮನೆಯೊಳಗೆ ಕೆಮ್ಮುತ್ತಿದ್ದವರೆಷ್ಟು ಮಂದಿ, ಅವರ ಪಕ್ಕದಲ್ಲಿ ಮಲಗಿದ್ದ ಮಕ್ಕಳೆಷ್ಟು ಮಂದಿ ಎಂಬುದನ್ನು ಯಾವ ಪಟ್ಟಿಯೂ ಬೇರೆ ಮಾಡಿ ತೋರಿಸಲಾರದು.