ಬಿಸಿನೀರು, ಬೈಟು ಮತ್ತು ಹೊಸ ಕಂಪೈಲರು

1998ರಲ್ಲಿ ನಮ್ಮ ಶಾಲೆಯ ಪ್ರಯೋಗಶಾಲೆಗೆಂದು ಒಂದು ಪುಟ್ಟ ಪೆಟ್ಟಿಗೆ ಮಾಡಿಸಿದ್ದೆ. ಅದರ ತಂತಿಯ ತುದಿಯನ್ನು ಬಿಸಿನೀರಿನ ಬೀಕರಿಗೆ ಇಳಿಬಿಟ್ಟರೆ ಸಾಕು, ನೀರಿನ ಉಷ್ಣತೆಯನ್ನು ಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ತಿಳಿಸುತ್ತಿತ್ತು. ನ್ಯೂಟನ್ನನ ನಿಯಮದಂತೆ ನೀರು ಮೊದಲು ಬೇಗಬೇಗ, ಆಮೇಲೆ ನಿಧಾನವಾಗಿ ತಣಿಯುವುದು ಪರದೆಯ ಮೇಲೆ ನುಣುಪಾದ ರೇಖೆಯಾಗಿ ಮೂಡುತ್ತಿತ್ತು. ಆ ಪ್ರೋಗ್ರಾಮನ್ನು ಟರ್ಬೊ ಸಿ ಕಂಪೈಲರಿನಲ್ಲಿ ಬರೆದವನು ನಾನೇ.

2023ರ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಪೆಟ್ಟಿಗೆಯನ್ನು ತನ್ನ ಕಾಲೇಜಿನ ವಸ್ತುಪ್ರದರ್ಶನಕ್ಕೆ ಒಯ್ದಳು. ನಾಲ್ಕೇ ದಿನಗಳಲ್ಲಿ ಅಪ್ಪನೊಂದಿಗೆ ವಾಪಸು ಬಂದಳು. ‘ಹೊಸ ಕಂಪೈಲರಿನಲ್ಲಿ ನಡೆಯುತ್ತಲೇ ಇಲ್ಲ ಸಾರ್’ ಎಂದಳು. ‘ಎಲ್ಲಾದರೂ ಹಳೇ ಕಂಪ್ಯೂಟರು ಸಿಕ್ಕರೆ ತಂದುಬಿಡಲೇ ಮೇಷ್ಟ್ರೇ?’ ಎಂದು ಅಪ್ಪ ಕೇಳಿದರು. ಪ್ರದರ್ಶನಕ್ಕೆ ಉಳಿದಿದ್ದುದು ಎರಡೇ ದಿನ.

ಸೀರಿಯಲ್ ಪೋರ್ಟ್ ಎಂದರೆ ಒಂದೇ ತಂತಿಯಲ್ಲಿ ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಸಾಲಾಗಿ ಕಳಿಸುವ ದ್ವಾರ. ಇದರ ಆರ್‌ಎಸ್-232 ಎಂಬ ಮಾನಕ 1960ರಷ್ಟು ಹಳೆಯದು. ನನ್ನ ಹಳೆಯ ಪ್ರೋಗ್ರಾಮು 3ಎಫ್8 ಎಂಬ ವಿಳಾಸದಲ್ಲಿದ್ದ ಆ ದ್ವಾರದ ಚಿಪ್ಪಿಗೆ ನೇರವಾಗಿ ಕೈ ಹಾಕುತ್ತಿತ್ತು. ಡಾಸ್ ಕಾಲದಲ್ಲಿ ಯಾರೂ ತಡೆಯುತ್ತಿರಲಿಲ್ಲ. ಈಗಿನ ವಿಂಡೋಸ್ ಅದಕ್ಕೆ ಬಿಡುವುದಿಲ್ಲ, ತನ್ನ ಮೂಲಕವೇ ಕೇಳಿಕೊಳ್ಳಬೇಕು. ಮೇಲಾಗಿ ಅವಳ ಲ್ಯಾಪ್‌ಟಾಪಿನಲ್ಲಿ ಆ ದ್ವಾರವೇ ಇರಲಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಪರಿವರ್ತಕವೊಂದಿತ್ತು. ಹುಡುಗಿ ಜಾಣೆ, ಆ ಭಾಗವನ್ನೆಲ್ಲ ತಾನೇ ಹೊಸದಾಗಿ ಬರೆದಿದ್ದಳು. ಆದರೂ ಪೆಟ್ಟಿಗೆಯಿಂದ ಬರುತ್ತಿದ್ದುದು ಬರೀ ಕಸ.

ಮೊದಲು ತಂತಿಯೋ ಪ್ರೋಗ್ರಾಮೋ ಎಂದು ತೀರ್ಮಾನಿಸಬೇಕಲ್ಲವೆ? ಪೆಟ್ಟಿಗೆಯನ್ನು ಕಳಚಿ, ಪರಿವರ್ತಕದ ಒಂಬತ್ತು ಕಡ್ಡಿಗಳಲ್ಲಿ 2 ಮತ್ತು 3ನೆಯದಕ್ಕೆ ತಾಮ್ರದ ತಂತಿಯ ತುಂಡೊಂದನ್ನು ಸುತ್ತಿದೆವು. ಒಂದು ಕೇಳುವ ಕಿವಿ, ಇನ್ನೊಂದು ಆಡುವ ಬಾಯಿ. ಕಳಿಸಿದ ಅಕ್ಷರಗಳೆಲ್ಲ ಹಾಗೆಯೇ ಮರಳಿ ಬಂದವು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ಆದರೆ ಅದಕ್ಕೂ ಒಂದು ಮಿತಿಯುಂಟು: ಬಾಯಿ ಕಿವಿ ಎರಡೂ ಒಂದೇ ಯಂತ್ರದವಾದ್ದರಿಂದ ವೇಗ ತಪ್ಪಾಗಿದ್ದರೆ ಅದು ಗೊತ್ತಾಗುವುದಿಲ್ಲ.

ತಪ್ಪಿದ್ದುದೂ ವೇಗದಲ್ಲೇ. ಪೆಟ್ಟಿಗೆ ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಮಾತಾಡುತ್ತದೆ. ಹಳೆಯ ಚಿಪ್ಪಿಗೆ ವೇಗವನ್ನಲ್ಲ, 1,15,200ನ್ನು ಎಷ್ಟರಿಂದ ಭಾಗಿಸಬೇಕೆಂಬುದನ್ನು ಹೇಳಬೇಕಿತ್ತು. ಹಾಗಾಗಿ ನನ್ನ ಪ್ರೋಗ್ರಾಮಿನಲ್ಲಿ 12 ಎಂದಿತ್ತು. ಅವಳು ಆ 12ನ್ನೇ ಹೊಸ ಪ್ರೋಗ್ರಾಮಿನಲ್ಲಿ ವೇಗದ ಜಾಗಕ್ಕೆ ತಂದು ಕೂರಿಸಿದ್ದಳು! ಆ ಕೋರಿಕೆ ತಿರಸ್ಕೃತವಾಗಿ ಮೊದಲಿದ್ದ ಯಾವುದೋ ವೇಗವೇ ಉಳಿದಿತ್ತು. ಆಗಲಿಲ್ಲ ಎಂಬ ಉತ್ತರವನ್ನು ವಿಂಡೋಸ್ ಕೊಡುತ್ತದೆ. ಅದನ್ನು ನೋಡುವ ಸಾಲನ್ನು ಅವಳು ಬರೆದಿರಲಿಲ್ಲ. 12 ಎಂದರೇನೆಂದು ಪಕ್ಕದಲ್ಲಿ ಟಿಪ್ಪಣಿ ಬರೆಯದ ಅಪರಾಧ ಮಾತ್ರ ನನ್ನದು.

9600 ಎಂದು ತಿದ್ದಿ, 80 ಡಿಗ್ರಿಯ ನೀರಿಟ್ಟು ನೋಡಿದರೆ ಪರದೆ ತೋರಿಸಿದ್ದು 52 ಲಕ್ಷ ಡಿಗ್ರಿ. ಸೂರ್ಯನ ಮೇಲ್ಮೈಯೇ ಸುಮಾರು ಐದೂವರೆ ಸಾವಿರ ಡಿಗ್ರಿ!

ಪೆಟ್ಟಿಗೆ ಪ್ರತಿ ಸಲ ಕಳಿಸುವುದು ಐದು ಬೈಟು: ಗುರುತಿನ ಅಕ್ಷರಕ್ಕೆ ಒಂದು, ಉಷ್ಣತೆಗೆ ಎರಡು, ಸೆಕೆಂಡಿನ ಲೆಕ್ಕಕ್ಕೆ ಎರಡು. ಅವನ್ನು ತುಂಬಿಕೊಳ್ಳಲು ಒಂದು ‘ಸ್ಟ್ರಕ್ಚರ್’ ಮಾಡಿದ್ದೆ. ಟರ್ಬೊ ಸಿಯಲ್ಲಿ ಪೂರ್ಣಾಂಕವೆಂದರೆ ಎರಡು ಬೈಟು, ಒಟ್ಟು ಸರಿಯಾಗಿ ಐದು. ಹೊಸ ಕಂಪೈಲರಿನಲ್ಲಿ ಪೂರ್ಣಾಂಕಕ್ಕೆ ನಾಲ್ಕು ಬೈಟು. ಜೊತೆಗೆ ಅದು ನಾಲ್ಕರ ಗಡಿಯಲ್ಲೇ ಶುರುವಾಗಲೆಂದು ಕಂಪೈಲರು ಗುರುತಿನ ಅಕ್ಷರದ ನಂತರ ಮೂರು ಬೈಟು ಖಾಲಿ ಬಿಡುತ್ತದೆ. ಒಟ್ಟು ಹನ್ನೆರಡು. ಐದು ಸೇರಿನ ಅಕ್ಕಿಯನ್ನು ಹನ್ನೆರಡು ಸೇರಿನ ಪಾತ್ರೆಯಲ್ಲಿ ಅಳೆದ ಹಾಗಾಯಿತು. ‘ಸೈಜ್‌ಆಫ್’ ಬಳಸಿ ಗಾತ್ರವನ್ನು ಮುದ್ರಿಸಿದ ಕೂಡಲೇ ಗುಟ್ಟು ರಟ್ಟಾಯಿತು.

ಸ್ಟ್ರಕ್ಚರನ್ನು ಬಿಟ್ಟು ಬೈಟುಗಳನ್ನು ಬಿಡಿಬಿಡಿಯಾಗಿ ಓದಿ, ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸುವಂತೆ ಬರೆದಳು. ರೇಖೆ ಮೂಡಿತು. ಅಪ್ಪ ಚಪ್ಪಾಳೆ ತಟ್ಟಿದರು. 80, 79, 78... 76.8ರವರೆಗೆ ಎಲ್ಲ ಸರಿ. ಮರುಕ್ಷಣ 51.1! ಅಲ್ಲಿಂದ ಮೆಲ್ಲಗೆ 38.4ಕ್ಕೆ ಇಳಿದು ಒಮ್ಮೆಲೇ 63.9ಕ್ಕೆ ಜಿಗಿಯಿತು.

‘ಪೆಟ್ಟಿಗೆಯೇ ಹಾಳಾಗಿದೆ ಸಾರ್’ ಎಂದಳು. ಬೀಕರಿನಲ್ಲಿದ್ದ ಪಾದರಸದ ಥರ್ಮಾಮೀಟರು ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ಇಳಿಯುತ್ತಿತ್ತು. ಹಾಳಾದ ಉಪಕರಣ ಅಡ್ಡಾದಿಡ್ಡಿ ತಪ್ಪುತ್ತದೆ, ಲೆಕ್ಕವಿಟ್ಟು ತಪ್ಪುವುದಿಲ್ಲ. ‘ಎಷ್ಟು ಡಿಗ್ರಿ ಹಾರಿತು, ಕಳೆದು ನೋಡು’ ಎಂದೆ. 76.7 ಬರಬೇಕಾದಲ್ಲಿ 51.1. ವ್ಯತ್ಯಾಸ 25.6. ಪೆಟ್ಟಿಗೆ ಉಷ್ಣತೆಯನ್ನು ಕಳಿಸುವುದು ಡಿಗ್ರಿಯ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ. ಹಾಗಾದರೆ ಕಳೆದುಹೋದದ್ದು 256!

ಹುಡುಗಿಯ ಮುಖ ಅರಳಿತು. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಎಣಿಸಬಹುದು. ಆದರೆ ಪಿಸಿಯ ಕಂಪೈಲರುಗಳು ಸಾಮಾನ್ಯವಾಗಿ ಬರಿಯ ‘ಕ್ಯಾರ್’ ಅನ್ನು ಚಿಹ್ನೆಯುಳ್ಳ ಸಂಖ್ಯೆಯೆಂದು ತಿಳಿಯುತ್ತವೆ. 127 ದಾಟಿದರೆ ಋಣಸಂಖ್ಯೆ. 767 ಎಂಬುದು 2 ಮತ್ತು 255 ಎಂಬ ಎರಡು ಬೈಟುಗಳಾಗಿ ಬರುತ್ತದೆ. ಆ 255 ಇಲ್ಲಿ -1 ಆಯಿತು. 512ರಲ್ಲಿ ಒಂದು ಕಳೆದರೆ 511. ಮುಂದೆ 639ಕ್ಕೆ ಬಂದಾಗ ಕೆಳಗಿನ ಬೈಟು 127, ಲೆಕ್ಕ ಮತ್ತೆ ಸರಿ. ಇದು ಹೊಸ ಕಂಪೈಲರಿನ ದೋಷವೇನಲ್ಲ, ಟರ್ಬೊ ಸಿಯಲ್ಲೂ ಹೀಗೆಯೇ ಆಗುತ್ತಿತ್ತು. ಆಗ ಬೈಟುಗಳನ್ನು ಕೈಯಾರೆ ಜೋಡಿಸುವ ಪ್ರಸಂಗವೇ ಬಂದಿರಲಿಲ್ಲ, ಅಷ್ಟೆ.

‘ಕ್ಯಾರ್’ ಹಿಂದೆ ‘ಅನ್‌ಸೈನ್ಡ್’ ಎಂಬ ಒಂದು ಪದ ಸೇರಿಸಿದಳು. ಹೊಸದಾಗಿ ನೀರು ಕಾಯಿಸಿ ತಂದೆವು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, 76.8 ಬಂದಾಗ ಮೂವರೂ ಉಸಿರು ಬಿಗಿಹಿಡಿದಿದ್ದೆವು. 76.7 ಬಂತು, 76.6 ಬಂತು.

ಪ್ರದರ್ಶನದಲ್ಲಿ ಅವಳು ಮೆಟ್ಟಿಲಾಗಿದ್ದ ಆ ತಪ್ಪು ರೇಖೆಯನ್ನೂ ಅಚ್ಚು ಹಾಕಿಸಿ ಸರಿಯಾದ ರೇಖೆಯ ಪಕ್ಕದಲ್ಲೇ ತೂಗುಹಾಕಿದ್ದಳು. ಜನ ಹೆಚ್ಚು ಹೊತ್ತು ನಿಂತದ್ದು ಅದರ ಮುಂದೆ. ಅಪ್ಪ ಬಂದವರಿಗೆಲ್ಲ 256ರ ಕಥೆ ಹೇಳುತ್ತಿದ್ದರು.