ಟ್ರ್ಯಾಕ್ಟರಿಗೆ ಟೈರು ಬದಲಿಸುವ ಮುಂಚೆ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಖುಷ್ಕಿ ಬೇಸಾಯ ಎಂದರೆ ಹದದ ಲೆಕ್ಕ. ಏಪ್ರಿಲ್-ಮೇ ಮಳೆ ಬಿದ್ದ ಮೇಲೆ ಹದ ಸಿಕ್ಕೋದು ನಾಲ್ಕೈದು ದಿವಸ. ಆವಾಗ ಟ್ರ್ಯಾಕ್ಟರಿನ ಚಕ್ರ ಜಾರುತ್ತಾ ನಿಂತರೆ ಡೀಸೆಲ್ಲೂ ಹೋಯಿತು, ಹದವೂ ಹೋಯಿತು. ಹಾಗಂತ ಟೈರು ಸವೆದಂತೆ ಕಂಡ ಕೂಡಲೇ ಸಾಲ ಮಾಡಿ ಹೊಸದು ತರಬೇಕಾಗಿಲ್ಲ. ಮೊದಲು ಅಳೆದು ನೋಡಿ.

ಹಿಂದಿನ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ. ಉಳುವ ಹೊಲದಲ್ಲೇ ನೇಗಿಲು ಎತ್ತಿಕೊಂಡು ಚಕ್ರ 10 ಸುತ್ತು ಸುತ್ತುವಷ್ಟು ಓಡಿಸಿ, ದೂರ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಉಳುತ್ತಾ ಮತ್ತೆ 10 ಸುತ್ತು. ಮೊದಲನೆಯದು 40 ಮೀಟರ್, ಎರಡನೆಯದು 34 ಮೀಟರ್ ಬಂದರೆ ಜಾರಿದ್ದು ನೂರಕ್ಕೆ 15. ಇಷ್ಟರೊಳಗಿದ್ದರೆ ಚಿಂತೆ ಬೇಡ. 30 ಮೀಟರಿಗೆ ಇಳಿದರೆ ಕಾಲುಭಾಗ ಸುತ್ತು ದಂಡ ಅಂತಲೇ ಲೆಕ್ಕ.

ಜಾರೋದಕ್ಕೆ ಟೈರೊಂದೇ ಕಾರಣವಲ್ಲ. ರಸ್ತೆಗೆ ಅಂತ ಗಾಳಿ ಬಿಗಿಯಾಗಿ ತುಂಬಿ ಹಾಗೇ ಹೊಲಕ್ಕೆ ಇಳಿಸಿದರೆ ಟೈರು ನೆಲಕ್ಕೆ ಅಗಲವಾಗಿ ಕೂರುವುದಿಲ್ಲ. ಕಂಪನಿ ಪುಸ್ತಕದಲ್ಲಿ ಹೊಲಕ್ಕೆ ಹೇಳಿರುವಷ್ಟೇ ಗಾಳಿ ಇಡಿ. ಭಾರ ಸಾಲದಿದ್ದರೆ ಹಿಂದಿನ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸಬಹುದು. ಇದಕ್ಕೆ ಬರೀ ನೀರು ಸಾಕು, ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ. ರಸ್ತೆ ಬಾಡಿಗೆಗೆ ಹೋಗುವಾಗ ಆ ಭಾರ ಬರೀ ಹೊರೆ, ತೆಗೆಸಿಬಿಡಿ.

ಇಷ್ಟಾದರೂ ಜಾರಿದರೆ ಟೈರು ಬದಲಿಸಲೇಬೇಕು. ಆಗ ಗಮನಿಸಬೇಕಾದ್ದು ಇವು.

ಸೈಜು: 13.6-28 ಅಂತ ಬರೆದಿದ್ದರೆ ಟೈರಿನ ಅಗಲ 13.6 ಇಂಚು, ರಿಮ್ಮಿನ ಅಡ್ಡಳತೆ 28 ಇಂಚು. 14.9-28 ಕೂಡ 28ರ ರಿಮ್ಮಿನದೇ, ಹಾಕಿಬಿಡೋಣ ಅನ್ನುವವರಿದ್ದಾರೆ. ರಿಮ್ಮಿನ ಅಗಲವೂ ಹೊಂದಬೇಕು, ಮಡ್‌ಗಾರ್ಡಿಗೆ ತಾಗಬಾರದು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನದನ್ನು ಮಾತ್ರ ದೊಡ್ಡದು ಮಾಡಿದರೆ ಗೇರಿಗೆ ಪೆಟ್ಟು. ಇದ್ದ ಸೈಜೇ ವಾಸಿ.

ಜೋಡಿ: ಹಿಂದಿನ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಬೋಳು ಆದರೆ ಬೋಳು ಚಕ್ರ ಮೊದಲು ಜಾರುತ್ತದೆ, ಹೊಸದರ ಹಿಡಿತ ಉಪಯೋಗಕ್ಕೆ ಬರೋದಿಲ್ಲ.

ತಯಾರಾದ ದಿನ: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ನೇ ಇಸವಿಯ 23ನೇ ವಾರ. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದಿದ್ದಕ್ಕೆ ಹೊಸದರ ಬೆಲೆ ಕೊಡಬೇಡಿ.

ರೀಬಟನ್ ಮತ್ತು ಹಳೇದು: ದುಡ್ಡು ಸಾಲದವರು ಇದನ್ನೂ ಹಾಕಿಸಬಹುದು. ಆದರೆ ಮೇಲಿನ ಬಟನ್ ನೋಡಿ ಮೋಸ ಹೋಗಬೇಡಿ. ಒಳಗೆ ಕೈಯಾಡಿಸಿ ನೋಡಿ. ನೂಲು ಹರಿದಿದ್ದರೆ, ಪಕ್ಕದಲ್ಲಿ ಉಬ್ಬು, ಆಳದ ಬಿರುಕು ಇದ್ದರೆ, ಅಂಚಿನ ತಂತಿ ಕಾಣಿಸಿದರೆ ಎಷ್ಟು ಸಸ್ತಾ ಆದರೂ ಬೇಡ. ಹೊಲಕ್ಕಿಂತ ಕಬ್ಬು, ಕಲ್ಲು ಹೊತ್ತು ರಸ್ತೆಯಲ್ಲೇ ಹೆಚ್ಚು ಓಡುವ ಗಾಡಿಗೆ ಅತಿ ಎತ್ತರದ ಬಟನ್ ಬೇಕಿಲ್ಲ, ಟಾರಿನ ಮೇಲೆ ಬೇಗ ಸವೆಯುತ್ತದೆ.

ರಿಮ್: ಟೈರು ಬಿಚ್ಚಿದಾಗಲೇ ತುಕ್ಕು ಉಜ್ಜಿಸಿ. ಬೋಲ್ಟಿನ ತೂತಿನ ಸುತ್ತ ಸೀಳಿದ್ದರೆ ಬದಲಿಸಿ.

ಹಾಕುವ ದಿಕ್ಕು: ಪಕ್ಕದ ಬಾಣದ ಗುರುತು ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ಕಡೆಗಿರಬೇಕು. ಹಿಂದೆ ನಿಂತು ನೋಡಿದರೆ ಬಟನ್ನಿನ ಮೊನೆ ಮೇಲ್ಮುಖ ಕಾಣಬೇಕು. ತಿರುಗುಮುರುಗಾದರೆ ಮಣ್ಣು ಕಚ್ಚಿಕೊಂಡು ಹೊಸ ಟೈರೂ ಜಾರುತ್ತದೆ.

ಟ್ರ್ಯಾಕ್ಟರಿನ ಹಿಂದಿನ ಟೈರು, ಟ್ಯೂಬಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆಯಿರಿ, ಅದೇ ಗ್ಯಾರಂಟಿಗೂ ಆಧಾರ.

ಜಾರುವ ಅಳತೆಯನ್ನು ಹಿಂಗಾರಿನ ಉಳುಮೆಯಲ್ಲೇ ಮಾಡಿಟ್ಟುಕೊಳ್ಳಿ. ಮಾರ್ಚಿಯೊಳಗೆ ನಾಲ್ಕು ಅಂಗಡಿ ವಿಚಾರಿಸಲು ಪುರಸೊತ್ತು ಸಿಗುತ್ತದೆ. ಮಳೆ ಬಿದ್ದ ಮೇಲೆ ಹೊರಟವರು ಅಂಗಡಿಯವರು ಹೇಳಿದ ಟೈರನ್ನು ಹೇಳಿದ ಬೆಲೆಗೇ ತರಬೇಕಾಗುತ್ತದೆ.