ಉಟ್ಟು ಬಿಟ್ಟ ಸೀರೆ, ಹೊದೆಯುವ ಕೌದಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಬಟ್ಟೆ ಹರಿದರೆ ಬೀದಿಗೆ ಬೀಳುತ್ತಿರಲಿಲ್ಲ. ದೊಡ್ಡವನ ಅಂಗಿ ಸಣ್ಣವನಿಗೆ, ಅವನಿಗೂ ಬಿಗಿಯಾದರೆ ಓಣಿಯ ಇನ್ನೊಂದು ಮನೆಗೆ. ಯಾರ ಮೈಗೂ ಆಗದಷ್ಟು ಹರಿದದ್ದು ಗಂಟಾಗಿ ಮೂಲೆ ಸೇರುತ್ತಿತ್ತು. ಗಂಟು ದಪ್ಪವಾದರೆ ಕೌದಿ ಹೊಲಿಯುವ ಕಾಲ ಬಂತೆಂದೇ ಲೆಕ್ಕ.

ಕೌದಿಯ ಮೇಲಿನ ಮತ್ತು ಕೆಳಗಿನ ಪದರಕ್ಕೆ ಇನ್ನೂ ಕಸುವಿರುವ ಹತ್ತಿ ಸೀರೆ ಅಥವಾ ಧೋತರ ಬೇಕು. ನಡುವೆ ಲಂಗ, ಲುಂಗಿ, ಅಂಗಿಯ ತುಂಡುಗಳು. ಗುಂಡಿ, ಹುಕ್ಕು, ದಪ್ಪ ಮಡಿಕೆಗಳನ್ನು ಮೊದಲೇ ಕತ್ತರಿಸಿ ತೆಗೆಯುತ್ತಾರೆ. ಇಲ್ಲವಾದರೆ ಮಲಗಿದವರ ಬೆನ್ನಿಗೆ ಒತ್ತುತ್ತವೆ. ಎಲ್ಲವನ್ನೂ ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ಉದ್ದನೆಯ ಸೂಜಿಯಿಂದ ಸಾಲು ಹಿಡಿಯುತ್ತಾರೆ. ಹೊಲಿಗೆಯ ಸಾಲುಗಳು ಒತ್ತಾಗಿದ್ದಷ್ಟೂ ಕೌದಿಗೆ ಆಯುಷ್ಯ. ಸಾಲು ದೂರವಾದರೆ ನಾಲ್ಕು ಒಗೆತಕ್ಕೆ ಒಳಗಿನ ಚಿಂದಿ ಜಾರಿ ಒಂದೆಡೆ ಮುದ್ದೆಯಾಗುತ್ತದೆ. ತೊಟ್ಟಿಲಿನ ಪುಟ್ಟ ಕೌದಿಗೆ ಅಜ್ಜಿಯ ಸೀರೆಯೇ ಬೇಕೆನ್ನುವುದರಲ್ಲಿ ಅಕ್ಕರೆಯಷ್ಟೇ ಅಲ್ಲ, ವಿವೇಕವೂ ಇದೆ: ವರ್ಷಗಟ್ಟಲೆ ಒಗೆದು ನವಿರಾದ ಹತ್ತಿ ಕೂಸಿನ ಚರ್ಮವನ್ನು ಕೆರೆಯುವುದಿಲ್ಲ.

ಬರಗಾಲದ ಈ ಸೀಮೆಗೆ ಕೌದಿ ಬರಿಯ ಹೊದಿಕೆಯಲ್ಲ. ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಗುಳೆ ಹೋಗುವ ತಾಂಡಾದ ಕುಟುಂಬಕ್ಕೆ ಅದು ಹಾಸಿಗೆ, ಚಳಿಗೆ ಕಂಬಳಿ, ಸಾಮಾನು ಕಟ್ಟುವ ಗಂಟು, ಎಲ್ಲವೂ ಹೌದು. ತುಂಡು ಬಟ್ಟೆಗೆ ಬೆಲೆ ತರುವ ವಿದ್ಯೆಯನ್ನು ಲಂಬಾಣಿ ಹೆಣ್ಣುಮಕ್ಕಳು ಇನ್ನೂ ಎತ್ತರಕ್ಕೆ ಒಯ್ದಿದ್ದಾರೆ. ಕೂಡ್ಲಿಗಿಗೆ ಅಂಟಿಕೊಂಡಿರುವ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ತುಂಡುಜೋಡಣೆಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅತ್ತ ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರ ಕೌದಿಗಳೂ ಹೊರದೇಶಗಳವರೆಗೆ ಹೆಸರು ಮಾಡಿವೆ.

ಈಗ ಗಂಟಿನೊಳಗಿನ ಬಟ್ಟೆಯೇ ಬೇರೆ. ಪಾಲಿಯೆಸ್ಟರ್ ಸೀರೆ ಬೇಗ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಹೊಲಿಯಲು ಕೂತರೆ ಕೈಯಲ್ಲಿ ನಿಲ್ಲುವುದಿಲ್ಲ. ಅಗ್ಗದ ರಗ್ಗು ಸಂತೆಯಲ್ಲೇ ಸಿಗುತ್ತದೆ. ಹೀಗಾಗಿ ಬೇಡವಾದ ಬಟ್ಟೆ ಕಸದ ಗಾಡಿ ಹತ್ತುತ್ತಿದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದು ಊರೂರಿನ ನಗರಾಡಳಿತಗಳ ಮೂಲಕ ‘ಆರ್‌ಆರ್‌ಆರ್’ (ಕಡಿಮೆ ಬಳಕೆ, ಮರುಬಳಕೆ, ಮರುಸಂಸ್ಕರಣೆ) ಕೇಂದ್ರಗಳನ್ನು ತೆರೆಸಿದ್ದು ಇಂಥ ವಸ್ತುಗಳಿಗಾಗಿಯೇ: ಹಳೆ ಬಟ್ಟೆ, ಪುಸ್ತಕ, ಪಾದರಕ್ಷೆ ತಂದುಕೊಡಿ, ಬೇಕಾದವರು ಒಯ್ಯಲಿ. ಒಳ್ಳೆಯ ಯೋಚನೆ. ಆದರೆ ಕೊಡುವವರ ಕೆಲಸ ಚೀಲ ಇಳಿಸಿದಲ್ಲಿಗೆ ಮುಗಿಯಬಾರದು. ಬಟ್ಟೆ ಒಗೆದಿರಬೇಕು, ಗುಂಡಿ ಇರಬೇಕು, ಕೂಲಿಗೆ ಹೋಗುವವರು ಉಡುವಂತಿರಬೇಕು. ಜರತಾರಿ ಗೌನು, ಒಂಟಿ ಕಾಲುಚೀಲ, ಸವೆದ ಒಳಉಡುಪು ಯಾರ ಬಡತನಕ್ಕೂ ಉತ್ತರವಲ್ಲ.

1999ರಲ್ಲಿ ಅಂಶು ಗುಪ್ತಾ ತಮ್ಮ ಮನೆಯ 67 ಉಡುಪುಗಳಿಂದ ದೆಹಲಿಯಲ್ಲಿ ಶುರುಮಾಡಿದ ‘ಗೂಂಜ್’ ಸಂಸ್ಥೆಯ ಸೂತ್ರವೂ ಪಡೆಯುವವರ ಮರ್ಯಾದೆ ಕಾಯುವುದೇ. ಊರಿನ ಜನ ಕೆರೆಯನ್ನೋ ರಸ್ತೆಯನ್ನೋ ತಾವೇ ಸರಿಮಾಡಿಕೊಳ್ಳುತ್ತಾರೆ. ಬಟ್ಟೆ ಅವರಿಗೆ ಆ ದುಡಿಮೆಯ ಪ್ರತಿಫಲವಾಗಿ ಸಲ್ಲುತ್ತದೆ, ಭಿಕ್ಷೆಯಾಗಿ ಅಲ್ಲ. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಐದು ತಾಲ್ಲೂಕುಗಳ ಆರ್‌ಆರ್‌ಆರ್ ಕೇಂದ್ರಗಳಲ್ಲಿ ಇನ್ನೊಂದು ಪೆಟ್ಟಿಗೆಯನ್ನೂ ಇಡಬೇಕೆಂಬುದು ನನ್ನ ಆಗ್ರಹ: ಹರಿದ ಹತ್ತಿ ಬಟ್ಟೆಗೆ ಮಾತ್ರ. ಅದು ಮಹಿಳಾ ಸಂಘಗಳಿಗೆ ಹೋಗಲಿ, ಕೌದಿ ಹೊಲಿಯಬಲ್ಲ ಹಿರಿಯ ಹೆಣ್ಣುಮಕ್ಕಳಿಗೆ ದಿನಗೂಲಿ ಸಿಗಲಿ, ಅವರ ಪಕ್ಕದಲ್ಲಿ ಕಲಿಯುವ ಹುಡುಗಿಗೂ ಸಿಗಲಿ. ಹೊಲಿದ ಕೌದಿಗಳನ್ನು ಮೊದಲು ಕೊಳ್ಳಬೇಕಾದದ್ದು ತಾಲ್ಲೂಕಿನ ವಿದ್ಯಾರ್ಥಿ ನಿಲಯಗಳು ಮತ್ತು ಹೆರಿಗೆ ವಾರ್ಡುಗಳು.